ಒಡಪಿನ ಪುಸ್ತಕ ಓದಿದ ಶ್ರಾವಣ

ಹುಳ ಬೀಳದಿರಲೆಂದು ಟ್ರಂಕಿನಲ್ಲಿ ಹಾಕುವ ಡಾಂಬರ ಗುಳಿಗೆಯ ವಾಸನೆ ಬೇರೆಯವರಿಗೆ ಏನು ನೆನಪಿಸುತ್ತದೋ ನನಗೆ ಗೊತ್ತಿಲ್ಲ. ನನಗಂತೂ ಅದು ಮೂಗಿಗೆ ಬಡಿದರೆ ಸಾಕು, ಶ್ರಾವಣ ಬಂದುಬಿಡುತ್ತದೆ. ಮೊನ್ನೆ ಸುಡುಬಿಸಿಲಿನ ಮಧ್ಯಾಹ್ನ, ಇಚಲಕರಂಜಿಯ ಶಹಾಪುರದಲ್ಲಿರುವ ನನ್ನ ಝೆರಾಕ್ಸ್ ಅಂಗಡಿಗೆ ಒಬ್ಬಾಕೆ ಬಂದು, ಅತ್ತೆಯ ಟ್ರಂಕಿನಿಂದ ತೆಗೆದ ಹಳೆಯ ಕಾಗದಗಳನ್ನು ಕೌಂಟರ್ ಮೇಲಿಟ್ಟಳು. ಆ ವಾಸನೆ ಘಮ್ಮೆಂದಿತು. "ಒಂದೊಂದು ಕಾಪಿ ತಗದ ಕೊಡ್ರಿ" ಅಂದಳು. ನಾನು ಅವನ್ನು ಹಿಡಿದು ಸುಮ್ಮನೆ ನಿಂತೇಬಿಟ್ಟೆ. "ಏನ್ರೀ, ಮಷೀನ್ ಕೆಟ್ಟೈತೇನ್ರಿ?" ಅಂತ ಆಕೆ ಎರಡು ಸಲ ಕೇಳಬೇಕಾಯಿತು. ಮಷೀನು ಸರಿಯಾಗಿಯೇ ಇತ್ತು. ನಾನೇ ಕೆಲವು ವರ್ಷ ಹಿಂದಕ್ಕೆ, ಯಡ್ರಾವದ ಒಂದು ಪಡಸಾಲೆಗೆ ಹೋಗಿ ಕೂತಿದ್ದೆ.

ಆ ವರ್ಷ ಅಂಗಡಿಯಲ್ಲಿ ವ್ಯಾಪಾರ ಡಲ್ಲಾಗಿತ್ತು. ಮದುವೆ ಪತ್ರಿಕೆಯನ್ನು ಜನ ಮೊಬೈಲಿನಲ್ಲೇ ಕಳಿಸತೊಡಗಿದ್ದರು. ಆಗ ಕೊಲ್ಲಾಪುರದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವ ಸರೋಜಾ ಮೇಡಂ ಅವರಿಂದ ಫೋನು ಬಂತು. ನಮ್ಮ ಗಡಿಭಾಗದಲ್ಲಿ ಹಿಂದಿನ ಕಾಲದ ಹೆಣ್ಣುಮಕ್ಕಳು ಬರೆದದ್ದನ್ನೆಲ್ಲ ಹುಡುಕಿ, ಫೋಟೋ ತೆಗೆದು, ಯಾರು ಬೇಕಾದರೂ ಓದುವಂತೆ ಅಂತರಜಾಲದಲ್ಲಿ ಒಂದು ಗ್ರಂಥಾಲಯ ಮಾಡುತ್ತಿದ್ದರು. ಕನ್ನಡ ಮರಾಠಿ ಎರಡನ್ನೂ ಓದಬಲ್ಲ, ಸ್ಕ್ಯಾನ್ ಕೆಲಸ ಗೊತ್ತಿರುವ, ಬಸ್ಸಿನಲ್ಲಿ ಓಡಾಡಲು ಬೇಸರಪಡದ ಒಬ್ಬರು ಬೇಕಾಗಿತ್ತು. ನಮ್ಮ ಮನೆಯವರು ಮಗ್ಗದ ಶೆಡ್ಡಿನಲ್ಲಿ ಜಾಬರ್. ಮಗ್ಗ ರಿಪೇರಿ ಮಾಡಿ ಮಾಡಿ ಮಾತು ಕಮ್ಮಿ. ಅಂಥವರು ಕೂಡ ಬಾಯಿಬಿಟ್ಟು, "ಹೋಗ. ಅಂಗಡ್ಯಾಗ ಕುಂತು ಗಿರಾಕಿ ಜೋಡಿ ಜಗಳಾ ಮಾಡೂದಕ್ಕಿಂತ ಅದ ಪಾಡ" ಅಂದರು. ನನಗೆ ಸಿಟ್ಟು ಬಂತು, ಆದರೆ ಹೋದೆ.

ಪುಸ್ತಕವನ್ನು ಮನೆಯಿಂದ ಹೊರಗೆ ಕಳಿಸಲು ಯಾರೂ ಒಪ್ಪುತ್ತಿರಲಿಲ್ಲ. ಹಾಗಾಗಿ ಕಬ್ಬಿಣದ ಸ್ಟ್ಯಾಂಡು, ಕ್ಯಾಮೆರಾ, ಎರಡು ದೀಪ, ಕೆಳಗೆ ಹಾಸಲು ಕಪ್ಪು ಬಟ್ಟೆ, ಇಷ್ಟನ್ನೂ ಹೊತ್ತುಕೊಂಡು ನಾನೇ ಮನೆಮನೆಗೆ ಹೋಗುತ್ತಿದ್ದೆ. ಆಷಾಢದ ಮಳೆ ಬೇರೆ. ಕ್ಯಾಮೆರಾಕ್ಕೆ ಕೊಡೆ, ನನಗೆ ಸೆರಗು. ಎಲ್ಲ ಮನೆಯಲ್ಲೂ ಮೊದಲ ಮಾತು ಒಂದೇ: "ನಮ್ಮ ಮನ್ಯಾಗ ಹೆಂಗಸರು ಏನ ಬರೀತಾರ್ರಿ?" ನಾನು ಸುಮ್ಮನೆ ಕೂರುತ್ತಿದ್ದೆ. ಚಹಾ ಬರುತ್ತಿತ್ತು. ಎರಡನೇ ಸಲ ಚಹಾ ಬರುವ ಹೊತ್ತಿಗೆ ಒಳಗೆಲ್ಲೋ ಟ್ರಂಕಿನ ಮುಚ್ಚಳ ತೆಗೆದ ಸದ್ದಾಗುತ್ತಿತ್ತು. ಆರತಿ ಹಾಡು, ಹಪ್ಪಳ ಸಂಡಿಗೆಯ ಅಳತೆ, ಕೂಸಿಗೆ ಕೆಮ್ಮಾದರೆ ಏನು ಕೊಡಬೇಕೆಂದು ಬರೆದ ಚೀಟಿ, ಎಂದೋ ನಿಂತುಹೋದ ಮಾಸಪತ್ರಿಕೆಯೊಂದರಲ್ಲಿ ಅಚ್ಚಾದ ಸಣ್ಣ ಲೇಖನ. ಏನೂ ಬರೆಯದ ಮನೆಗಳಿಂದ ನಾನು ಕ್ಯಾಮೆರಾದಲ್ಲಿ ರಾಶಿ ರಾಶಿ ಬರಹ ಹೊತ್ತು ತಂದೆ.

ಶಹಾಪುರದಲ್ಲಿ ಒಂದು ಫಜೀತಿ. ಪಕ್ಕದ ಶೆಡ್ಡಿನಲ್ಲಿ ಮಗ್ಗ ಓಡುತ್ತಿದ್ದರೆ ನೆಲ ನಡುಗಿ, ಫೋಟೋದಲ್ಲಿ ಅಕ್ಷರಗಳು ಚಳಿಜ್ವರ ಬಂದವರ ಹಾಗೆ ಕಾಣುತ್ತಿದ್ದವು. ಪಾಳಿ ಬದಲಾಗುವಾಗ ಮಗ್ಗ ನಿಲ್ಲುವ ಸ್ವಲ್ಪ ಹೊತ್ತಿನಲ್ಲೇ ಪಟಪಟ ಪುಟ ತಿರುವಿ ಮುಗಿಸಬೇಕಿತ್ತು. ಗಡಹಿಂಗ್ಲಜದಲ್ಲಿ ಮಗ್ಗ ಇರಲಿಲ್ಲ. ಅಲ್ಲಿ ಮೆಣಸಿನಕಾಯಿ.

ಗಂಗವ್ವ ಆಯಿಯ ಮನೆ ಗಡಹಿಂಗ್ಲಜದ ಹಳೆಯ ಪೇಟೆಯಲ್ಲಿತ್ತು. ಮುಂದಿನ ಅರ್ಧ ಮೆಣಸಿನಕಾಯಿ ದಲಾಲಿ ಅಂಗಡಿ, ಹಿಂದಿನ ಅರ್ಧ ಮನೆ. ಒಂದು ಫೋಟೋ ಒಂದು ಸೀನು, ಒಂದು ಫೋಟೋ ಒಂದು ಸೀನು ಅಂತ ನಾನು ಅವರ ಅತ್ತೆಯ ಭಜನೆ ಹಾಡುಗಳನ್ನು ಸ್ಕ್ಯಾನ್ ಮಾಡುತ್ತಿದ್ದೆ. ತೊಂಬತ್ತರ ಹತ್ತಿರದ ಆಯಿ ಹೊರಸಿನ ಮೇಲೆ ಕೂತು ನನ್ನನ್ನೇ ನೋಡಿ ನಗುತ್ತಿದ್ದರು. ಸೊಸೆ ವಿಜಯಾ ವೈನಿ ಒಳಗೆ ಜೋಳದ ಭಕ್ರಿ ಬಡಿಯುತ್ತಿದ್ದರು.

"ಇಷ್ಟೆಲ್ಲಾ ಹುಡುಕಾಕತ್ತೀಯಲ್ಲ, ನಂದೊಂದು ಹುಡುಕಿ ಕೊಡತೀ ಏನ?" ಅಂದರು ಆಯಿ.

"ಏನ್ರೀ ಆಯಿ?"

"ನಮ್ಮವ್ವ ಬರದ ಅಕ್ಷರ."

ಅವರ ಅವ್ವ ಅನ್ನಪೂರ್ಣವ್ವ ತೀರಿಕೊಂಡಾಗ ಆಯಿ ಇನ್ನೂ ಸಣ್ಣವರು. ಮುಖ ನೆನಪಿಲ್ಲ, ಒಂದು ಫೋಟೋ ಇಲ್ಲ. ಅವ್ವನ ಗುರುತು ಅಂತ ಉಳಿದದ್ದು ಅಪ್ಪ ಹೇಳಿದ ಒಂದು ಮಾತು ಮಾತ್ರ: ಮದುವೆಯ ದಿನ ಆಕೆ ಒಡಪಿನ ಪುಸ್ತಕದಲ್ಲಿ ಬರೆದಿದ್ದಳು. ಇಡೀ ಬಾಳಿನಲ್ಲಿ ಆಕೆ ಬರೆದದ್ದು ಅದೊಂದೇ.

ಒಡಪು ಅಂದರೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಬೇಕು. ಹೆಂಡತಿ ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು. ಆದರೆ ಮದುವೆಯಾಗಿ ಬಂದ ದಿನ ನಾದಿನಿಯರು ಹೊಸ್ತಿಲಲ್ಲಿ ಅಡ್ಡ ನಿಂತು, ಹೆಸರು ಹೇಳದ ಹೊರತು ಒಳಗೆ ಬಿಡುವುದಿಲ್ಲ. ಆಗ ಹಾಡಿನಂಥ ಎರಡು ಮೂರು ಸಾಲು ಕಟ್ಟಿ ಅದರೊಳಗೆ ಹೆಸರನ್ನು ಸಿಕ್ಕಿಸಿ ಹೇಳಬೇಕು. ಅದೇ ಒಡಪು. ಹಿಂದೆ ಯಾವಳೋ ಒಬ್ಬ ಅಕ್ಕೋರು, ಅಂದರೆ ಸಾಲಿ ಕಲಿಸುವಾಕೆ, ಮದುಮಕ್ಕಳ ಅನುಕೂಲಕ್ಕಂತ ಒಡಪುಗಳದೇ ಒಂದು ಪುಸ್ತಕ ಬರೆದು ಕೊಲ್ಲಾಪುರದಲ್ಲಿ ಅಚ್ಚು ಹಾಕಿಸಿದ್ದಳಂತೆ. ಗಂಡನ ಹೆಸರು ಬರುವ ಕಡೆ ಬರೀ ಚುಕ್ಕೆ. ಯಾರದು ಬೇಕೋ ಅವರು ತುಂಬಿಕೊಳ್ಳಬೇಕು. ಆಯಿಯ ತವರಿನ ಬಳಗದಲ್ಲಿ ಆ ಪುಸ್ತಕವನ್ನು ಮದುಮಗಳ ಜೊತೆ ಕಳಿಸುವ ರುಕ್ವತದ ಸಾಮಾನಿನಲ್ಲಿ, ಉಂಡಿ ಚಕ್ಕುಲಿಯ ಬುಟ್ಟಿಯ ಪಕ್ಕ ಇಡುತ್ತಿದ್ದರು. ಪ್ರತಿಯೊಬ್ಬ ಮದುಮಗಳೂ ತನಗೆ ಹಿಡಿಸಿದ ಒಡಪನ್ನು ಆರಿಸಿ, ಚುಕ್ಕೆಯ ಮೇಲೆ ಪೆನ್ಸಿಲಿನಿಂದ ಹೆಸರು ಬರೆದು ಬಾಯಿಪಾಠ ಮಾಡುತ್ತಿದ್ದಳು. ಮುಂದಿನ ಮದುವೆಗೆ ಪುಸ್ತಕ ಮುಂದಿನ ಮನೆಗೆ ಹೋಗುತ್ತಿತ್ತು.

"ನಮ್ಮವ್ವ ಬರದ ಮ್ಯಾಲ ಅದು ನಮ್ಮ ಸೋದರತ್ತಿ ಜೋಡಿ ಯಡ್ರಾವಕ್ಕ ಹೋತು. ಹೋದದ್ದು ತಿರುಗಿ ಬರಲಿಲ್ಲ" ಅಂದರು ಆಯಿ. "ಅವ್ವ ಹೇಳಿದ ಒಡಪು ನನಗ ಗೊತ್ತೈತಿ. ಅಪ್ಪ ದಿನಾ ಹೇಳಾಂವ. ತನ್ನ ಹೆಸರ ಬರದಾಳ ಅಂತ ಅವಗ ಭಾಳ ಜಂಬ. ಸಾಯೂತನಕಾ ಮೀಸಿ ತಿರುವಿದಾ."

ಆಮೇಲೆ ಅವರು ಒಡಪು ಹೇಳಿದರು. ಹಲ್ಲಿಲ್ಲದ ಬಾಯಲ್ಲಿ ಅದು ಎಷ್ಟು ಚಂದ ಕೇಳಿಸಿತು ಅಂದರೆ ನಾನು ಸೀನುವುದನ್ನೇ ಮರೆತೆ.

"ಹಿರಣ್ಯಕೇಶಿ ಹೊಳಿ ಬಂದೈತಿ ದಂಡಿ ಮ್ಯಾಲ,
ಮಲ್ಲಿಗಿ ಮಾಲಿ ಕಟ್ಟೀನಿ ಮೊಣಕಾಲ ಮ್ಯಾಲ,
ರಾಚಪ್ಪನವರ ಹೆಸರ ಹೇಳತೀನಿ ಹೊಸ್ತಿಲ ಮ್ಯಾಲ."

"ಮಾರಿ ಅಂತೂ ನೋಡಲಿಲ್ಲ. ಅಕ್ಷರಾನರ ಒಂದ ಸಲ ನೋಡಿ ಹೋಗತೀನಿ" ಅಂದರು. ಒಳಗಿನಿಂದ ವಿಜಯಾ ವೈನಿ, "ಎಲ್ಲಿಗೆ ಹೋಗ್ತೀರಿ, ಕುಂದ್ರಿ ಸುಮ್ಮನ. ಇನ್ನ ಮೊಮ್ಮಗನ ಮದವಿ ಐತಿ" ಅಂತ ಗದರಿದರು. ನಾನು ಹುಡುಕಿ ಕೊಡುತ್ತೇನೆ ಅಂದುಬಿಟ್ಟೆ. ಹಿಂದೆಮುಂದೆ ನೋಡದೆ ಮಾತು ಕೊಡುವುದು ನನ್ನ ಹುಟ್ಟುಗುಣ.

ಯಡ್ರಾವ ನಮ್ಮೂರಿನ ಪಕ್ಕದಲ್ಲೇ. ಆ ಸೋದರತ್ತೆಯ ಮನೆ ಹುಡುಕಲು ಕಷ್ಟವಾಗಲಿಲ್ಲ. ಮುಂದೆ ಮಗ್ಗದ ಶೆಡ್ಡು, ಹಿಂದೆ ಕಬ್ಬು. ಮನೆಯ ಸೊಸೆ ಸುವರ್ಣಾ ಜೋರು ಹೆಂಗಸು. ಮಗ್ಗದ ಸದ್ದಿನಲ್ಲಿ ಮಾತಾಡಿ ಮಾತಾಡಿ ಆಕೆಯ ಪಿಸುಮಾತೂ ಓಣಿಗೆ ಕೇಳುತ್ತಿತ್ತು. "ಒಡಪಿನ ಪುಸ್ತಕಾ? ಐತಲ್ಲ. ಈ ಮನಿಗೆ ಬಂದ ದಿನಾ ನಾನೂ ಅದರಾಗ ಬರದೇನಿ" ಅಂತ ರೇಷ್ಮೆ ಸೀರೆಗಳ ಟ್ರಂಕಿನಿಂದ ತೆಗೆದುಕೊಟ್ಟಳು. ಡಾಂಬರ ಗುಳಿಗೆಯ ವಾಸನೆ ಅಂದಿನಿಂದ ನನ್ನ ಮೂಗಿನಲ್ಲಿ ಕೂತಿದೆ.

ಅಂಗೈಯಗಲದ ಪುಸ್ತಕ. ಲೇಖಕಿಯ ಹೆಸರು ಇರಬೇಕಾದಲ್ಲಿ "ಒಬ್ಬ ಅಕ್ಕೋರು" ಅಂತ ಇತ್ತು. ಅರ್ಧ ಒಡಪು ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ. ನಮ್ಮ ಮಾತಿನ ಹಾಗೆಯೇ. ಅಕ್ಕೋರು ಗಂಭೀರ ಸ್ವಭಾವದವಳಲ್ಲ ಅನ್ನುವುದು ಮೊದಲ ಪುಟದಲ್ಲೇ ಗೊತ್ತಾಯಿತು:

"ಕೊಲ್ಲಾಪುರದ ಬೆಲ್ಲ, ತಿನ್ನಾಕ ಹಲ್ಲಿಲ್ಲ,
………ಅವರ ಮುಂದ ನನ್ನಾಟ ನಡ್ಯೂದಿಲ್ಲ."

ಈ ಚುಕ್ಕೆಯ ಮೇಲೆ ಸುವರ್ಣಾ ತನ್ನ ಗಂಡನ ಹೆಸರನ್ನು ದಪ್ಪಗೆ ಬರೆದಿದ್ದಳು. ಆಕೆಯ ಮುಂದೆ ಯಾರ ಆಟ ನಡೆಯುತ್ತದೆಂದು ಆ ಮನೆಯಲ್ಲಿ ಅರ್ಧ ಗಂಟೆ ಕೂತವರಿಗೆ ಹೇಳಬೇಕಾಗಿರಲಿಲ್ಲ.

ಹಿರಣ್ಯಕೇಶಿಯ ಒಡಪೂ ಸಿಕ್ಕಿತು. ಆದರೆ ಅದರ ಚುಕ್ಕೆಯ ಮೇಲೆ ಇದ್ದದ್ದು "ಬಾಬುರಾವ". ಅದು ಸುವರ್ಣಾಳ ಅತ್ತೆಯ ಬರಹ. ಆಗ ತಿಳಿಯಿತು. ಒಂದೇ ಒಡಪು ಇಬ್ಬರು ಮೂವರಿಗೆ ಹಿಡಿಸಿದರೆ, ಹೊಸ ಮದುಮಗಳು ಹಳೆಯ ಹೆಸರನ್ನು ತಿಕ್ಕಿ ಅಳಿಸಿ ತನ್ನದನ್ನು ಬರೆಯುತ್ತಿದ್ದಳು. ಕೆಲವರು ರಬ್ಬರಿನಿಂದ, ಕೆಲವರು ಬೆರಳಿಗೆ ಉಗುಳು ಹಚ್ಚಿ. ಅಲ್ಲಲ್ಲಿ ಕಾಗದವೇ ತೆಳ್ಳಗಾಗಿತ್ತು. ರಾಚಪ್ಪನ ಹೆಸರೂ ಹಾಗೇ ಅಳಿಸಿಹೋಗಿರಬೇಕು. ಆದರೂ ಎಲ್ಲ ಪುಟಗಳ ಫೋಟೋ ತೆಗೆದು ಕೊಲ್ಲಾಪುರಕ್ಕೆ ಕಳಿಸಿದೆ.

ಅಲ್ಲಿಂದ ಪುಟಗಳು ಹಾಲಿನಲ್ಲಿ ಅದ್ದಿ ತೆಗೆದಂತಾಗಿ ವಾಪಸ್ಸು ಬಂದವು. ಕಲೆ ಇಲ್ಲ, ಮಡಿಕೆ ಇಲ್ಲ, ಪೆನ್ಸಿಲಿನ ಒಂದು ಗೆರೆಯೂ ಇಲ್ಲ. ಇದ್ದಬದ್ದ ಹೆಸರುಗಳನ್ನೂ ಕಂಪ್ಯೂಟರು ತೊಳೆದು ಹಾಕಿತ್ತು. ನಾನು ಫೋನು ಮಾಡಿ ಮೇಡಂ ಮೇಲೆ ಹರಿಹಾಯ್ದೆ.

"ಶೋಭಾ, ಅದು ಓದಿದವರ ಗೀಚು. ಅಕ್ಕೋರು ಬರದದ್ದು ಅಲ್ಲ" ಅಂದರು ಅವರು ಸಮಾಧಾನದಿಂದ. "ಎಲ್ಲಾ ಪುಸ್ತಕಕ್ಕೂ ಹಂಗ ಮಾಡ್ತೀವಿ. ಓದಾಕ ಸ್ವಚ್ಛ ಇರಬೇಕಲ್ಲ?"

"ಸ್ವಚ್ಛ ಮಾಡಾಕ ಇದೇನು ಮುಸರಿ ಭಾಂಡೆ ಅಲ್ರಿ ಮೇಡಂ. ನಾವು ಹೊಂಟಿದ್ದು ಹೆಣ್ಣಮಕ್ಕಳು ಬರದದ್ದು ಹುಡುಕಾಕ. ಅವರು ಬರದದ್ದ ಆ ಚುಕ್ಕಿ ಮ್ಯಾಲ ಐತಿ. ನೀವ ಅದನ್ನ ಅಳಸೀರಿ."

ಕೆಲಸ ಹೋಯಿತು ಅಂದುಕೊಂಡೆ. ಆದರೆ ಮೇಡಂ, "ಸೋಮವಾರ ನಾನ ಬರ್ತೀನಿ. ಪುಸ್ತಕಾ ನೋಡೇ ಮಾತಾಡೂನು" ಅಂದರು. ಒಳ್ಳೆಯ ಮನುಷ್ಯರ ಜೊತೆ ಜಗಳವಾಡುವುದರಲ್ಲಿ ಇರುವ ಸುಖವೇ ಬೇರೆ.

ಶ್ರಾವಣ ಸೋಮವಾರ. ಯಡ್ರಾವದಲ್ಲಿ ಮೋಡ ಕವಿದು ಹಗಲಲ್ಲೇ ಕತ್ತಲೆ. ಮೇಡಂ ಪುಸ್ತಕವನ್ನು ಕಪ್ಪು ಬಟ್ಟೆಯ ಮೇಲೆ ತೆರೆದಿಟ್ಟು ನೋಡುತ್ತಿದ್ದರು. ಅಷ್ಟರಲ್ಲಿ ಲೈಟು ಹೋಯಿತು. ಮುಂದಿನ ಶೆಡ್ಡಿನ ಮಗ್ಗಗಳೆಲ್ಲ ಒಮ್ಮೆಲೇ ನಿಂತು, ಊರು ಕಿವುಡಾದ ಹಾಗಾಯಿತು. ಸುವರ್ಣಾ ಮಾತ್ರ ಮಗ್ಗದ ಸದ್ದಿದ್ದಾಗಿನ ದನಿಯಲ್ಲೇ, "ತಡೀರಿ, ಬ್ಯಾಟರಿ ಹಚ್ಚತೇನಿ" ಅಂದು ಮೊಬೈಲಿನ ಬೆಳಕು ಹಾಕಿ, ಪುಸ್ತಕದ ಪಕ್ಕಕ್ಕೆ ಬಟ್ಟೆಯ ಮೇಲೆ ಅಡ್ಡ ಇಟ್ಟಳು.

ಬೆಳಕು ಪುಟದ ಮೇಲೆ ಅಡ್ಡಡ್ಡ ಬಿತ್ತು. ಚುಕ್ಕೆಗಳ ಸಾಲಿನಲ್ಲಿ ಏನೋ ಎದ್ದು ಬಂತು. ಪೆನ್ಸಿಲಿನ ಬಣ್ಣ ಹೋಗಿತ್ತು, ಒತ್ತಿ ಬರೆದ ಗೀರು ಹೋಗಿರಲಿಲ್ಲ. ಹೊಸದಾಗಿ ಬರೆಯಲು ಕಲಿತ ಹುಡುಗಿಯರು, ಎಲ್ಲ ಶಕ್ತಿ ಹಾಕಿ ಒತ್ತಿದ್ದರು. "ಬಾಬುರಾವ"ದ ಕೆಳಗೆ "ಈರಪ್ಪ". ಬೆಳಕನ್ನು ಸ್ವಲ್ಪ ಸರಿಸಿದರೆ ಅದರ ಕೆಳಗೆ ಇನ್ನೊಂದು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಕನ್ನಡಕದಲ್ಲಿ ಏನೂ ಇರಲಿಲ್ಲ, ಕಣ್ಣಲ್ಲಿತ್ತು.

"ಶೋಭಾ, ನೀ ಗೆದ್ದಿ" ಅಂದರು. "ಇನ್ನ ಯಾವ ಪುಟಾನೂ ತೊಳ್ಯೂದಿಲ್ಲ."

ಆ ಮಧ್ಯಾಹ್ನ ನಾವು ಮೂವರೂ ನೆಲದ ಮೇಲೆ ಮಲಗದ್ದೊಂದು ಬಾಕಿ. ಒಬ್ಬರು ಬೆಳಕು ಸರಿಸುವುದು, ಒಬ್ಬರು ಓದುವುದು, ನಾನು ಫೋಟೋ ತೆಗೆಯುವುದು. ಹೆಸರು ಸಿಕ್ಕಾಗೆಲ್ಲ ಸುವರ್ಣಾ, "ಅಗ ಬಾಯಿ, ಇದು ನಮ್ಮ ಮಾವನ ಅಪ್ಪಂದು" ಅಂತ ಚಪ್ಪಾಳೆ ತಟ್ಟುತ್ತಿದ್ದಳು. ಹೆಂಡತಿಯರು ಬಾಯಲ್ಲಿ ಹೇಳಬಾರದಿದ್ದ ಹೆಸರುಗಳನ್ನೆಲ್ಲ ಕೈಯಲ್ಲಿ ಬರೆದಿಟ್ಟಿದ್ದರು. ಕೈಗೆ ಯಾರೂ ಕಟ್ಟಳೆ ಹಾಕಿರಲಿಲ್ಲ.

ಆದರೆ ರಾಚಪ್ಪ ಸಿಗಲಿಲ್ಲ. ಹಿರಣ್ಯಕೇಶಿಯ ಒಡಪಿನಲ್ಲಿ ಎಷ್ಟು ಹುಡುಕಿದರೂ ಇಲ್ಲ. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಸೊಟ್ಟಗೆ ಇದ್ದದ್ದು "ನೀಲವ್ವ" ಅಂತ. ಯಾವಳೋ ಹುಡುಗಿ ಪೆನ್ಸಿಲು ಸಿಕ್ಕಿತೆಂದು ತನ್ನ ಹೆಸರು ಗೀಚಿದ್ದಾಳೆ ಅಂದುಕೊಂಡೆವು. ಲೈಟು ಬಂತು, ಮಗ್ಗ ಶುರುವಾದವು. ನನಗೆ ಅಳು ಬರುವುದೊಂದು ಬಾಕಿ.

ಗಡಹಿಂಗ್ಲಜಕ್ಕೆ ಹೋಗಿ ಹೇಳಲೇಬೇಕಿತ್ತು. ಒಬ್ಬಳೇ ಹೋಗುವ ಧೈರ್ಯವಿರಲಿಲ್ಲ, ಮೇಡಂ ಜೊತೆಗೆ ಬಂದರು. ಮುಂದಿನ ಸೋಮವಾರ ಅದು. ಹೊಳೆ ತುಂಬಿ ಬಸ್ಸು ನಿಧಾನ. ವಿಜಯಾ ವೈನಿ ಹಬ್ಬದಡುಗೆ ಮಾಡಿದ್ದರು. ಹೂರಣ ಬೇಯುವ ಘಮ ಮೆಣಸಿನಕಾಯಿಯನ್ನೂ ಸೋಲಿಸಿತ್ತು. ಆಯಿ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಕಾಯುತ್ತಿದ್ದರು.

"ಪುಸ್ತಕಾ ಸಿಕ್ಕೈತ್ರಿ ಆಯಿ" ಅಂದೆ. "ಒಡಪೂ ಸಿಕ್ಕೈತಿ. ಆದರ ನಿಮ್ಮ ಅಪ್ಪನ ಹೆಸರ ಅದರಾಗ ಇಲ್ರೀ. ಅಳಿಸಿ ಹೋಗೇತಿ ಕಾಣತೈತಿ."

ಆಯಿ ಸೆರಗು ಸರಿಮಾಡಿಕೊಂಡರು. "ಮತ್ತ ಯಾರ ಯಾರ ಹೆಸರ ಅದಾವು ಅಲ್ಲಿ? ಓದು, ಕೇಳೂನು."

ಮೇಡಂ ಟ್ಯಾಬು ತೆಗೆದು ಆ ಪುಟದ ಫೋಟೋ ತೋರಿಸಿದರು. ನಾನು ಮೇಲಿನಿಂದ ಓದಿದೆ. "ಬಾಬುರಾವ. ಅದರ ಕೆಳಗ ಈರಪ್ಪ. ಎಲ್ಲಾಕ್ಕೂ ಕೆಳಗ ಯಾವಾಕಿನೋ ನೀಲವ್ವ ಅಂತ…"

"ಏನಂದಿ?"

"ನೀಲವ್ವ."

ಆಯಿ ಟ್ಯಾಬನ್ನು ತಮ್ಮ ಕಡೆ ಎಳೆದುಕೊಂಡರು. "ನೀಲವ್ವ ಅಂದರ ನಮ್ಮವ್ವ ಅಲ್ಲೇನ" ಅಂದರು.

ನಮ್ಮ ಕಡೆ ಮದುವೆಯ ದಿನ ಹೆಣ್ಣಿನ ಹೆಸರು ಬದಲಿಸುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡನ ಉಂಗುರದಿಂದ ಹೊಸ ಹೆಸರು ಬರೆಸಿ, ಅಂದಿನಿಂದ ಹಳೆಯದು ತವರಿಗೆ, ಹೊಸದು ಮನೆಗೆ. ನನಗೂ ಆಗಿದೆ, ಮೇಡಂಗೂ ಆಗಿದೆ. ಎಷ್ಟು ಸಾಮಾನ್ಯ ಮಾತು ಅಂದರೆ ನಮ್ಮಿಬ್ಬರಿಗೂ ಅದು ಹೊಳೆಯಲೇ ಇಲ್ಲ. ಅನ್ನಪೂರ್ಣವ್ವ ಮದುವೆಯಾಗಿ ಬರುವ ಮೊದಲು ನೀಲವ್ವ ಆಗಿದ್ದಳು.

"ನಮ್ಮ ಸೋದರಮಾವ ಹೇಳಾಂವ" ಅಂದರು ಆಯಿ. ಅಳುತ್ತಿದ್ದರೋ ನಗುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ. "ಆಕಿನ್ನ ಸಾಲಿಗೆ ಕಳಿಸಿದ್ದರಂತ. ತನ್ನ ಹೆಸರ ಬರ್ಯಾಕ ಬಂತು ಅನ್ನೂದ್ರಾಗ ಲಗ್ನಾ ಮಾಡಿದರಂತ. ಆಕಿಗೆ ಬರತಿದ್ದದ್ದ ಅಷ್ಟ. ಪೆನ್ಸಿಲ್ ಕೊಟ್ಟಾರ, ಬರದಾಳ."

"ಇಲ್ರೀ ಅತ್ತಿ" ಅಂತ ವಿಜಯಾ ವೈನಿ ಸವುಟು ಹಿಡಿದುಕೊಂಡೇ ಹೊರಗೆ ಬಂದರು. "ಬೇಕಂತ ಬರದಾರ ಅವರು. ಅವತ್ತ ಹೆಸರ ಹೋಗಿತ್ತು, ಒಂದ ಕಡೆ ಇರಲಿ ಅಂತ ಬರದಾರ."

"ನಿನಗ ಹೆಂಗ ಗೊತ್ತ?"

"ನಾನಾಗಿದ್ದರ ಹಂಗ ಮಾಡತಿದ್ದೆ."

ಇಬ್ಬರಲ್ಲಿ ಯಾರು ಸರಿ ಎನ್ನುವುದು ಇಂದಿಗೂ ತೀರ್ಮಾನವಾಗಿಲ್ಲ. ಅತ್ತೆ ಸೊಸೆ ಅದಕ್ಕಾಗಿ ಅಲ್ಲೇ ಜಗಳ ಹೂಡಿದರು. ನಡುವೆ ಆಯಿಗೆ ಅಪ್ಪನ ನೆನಪಾಗಿ ನಗು ಉಕ್ಕಿತು. "ಪಾಪ, ಸುಳ್ಳಸುಳ್ಳ ಮೀಸಿ ತಿರುವಿದ ನನ್ನಪ್ಪ" ಅಂತ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಂಗಡಿಯಲ್ಲಿದ್ದ ಮಗ ಏನಾಯಿತೆಂದು ಓಡಿ ಬಂದ. ಅವನಿಗೂ ಹೇಳಿದೆವು. ಅವನು ನಂಬಲಿಲ್ಲ, ಮತ್ತೆ ತೋರಿಸಿದೆವು. ನನಗೆ ಆ ದಿನ ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ನಮ್ಮ ಮನೆಯವರು ಇದನ್ನು ಓದುವುದಿಲ್ಲವೆಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ಆಯಿ ಬೆರಳಿನಿಂದ ಒಂದೊಂದೇ ಅಕ್ಷರ ತಿದ್ದಿದರು. ಮುಟ್ಟಿದಾಗೆಲ್ಲ ಪುಟ ಜಾರಿ ಮುಂದಕ್ಕೆ ಹೋಗುತ್ತಿತ್ತು, ಮೇಡಂ ಹಿಂದಕ್ಕೆ ತರುತ್ತಿದ್ದರು. ಬೇಸರಪಡದೆ ಎಷ್ಟೋ ಸಲ ತಂದುಕೊಟ್ಟರು. ಆಮೇಲೆ ತಮ್ಮ ಲ್ಯಾಪ್‌ಟಾಪು ತೆಗೆದು ಹೊರಸಿನ ಮೇಲೆ ಇಟ್ಟುಕೊಂಡು, ಅಂತರಜಾಲದ ಗ್ರಂಥಾಲಯದಲ್ಲಿ ಈ ಪುಸ್ತಕಕ್ಕೆ ಬರೆದವರು ಅನ್ನುವಲ್ಲಿ "ಒಬ್ಬ ಅಕ್ಕೋರು" ಅಂತ ಇದ್ದದ್ದರ ಕೆಳಗೆ ಆಯಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ "ನೀಲವ್ವ" ಅಂತ ಸೇರಿಸಿದರು. ಅದರ ಕೆಳಗೆ ಪುಸ್ತಕದಲ್ಲಿ ಬರೆದಿದ್ದ ಉಳಿದ ಮದುಮಕ್ಕಳಿಗಾಗಿ ಜಾಗ ಬಿಟ್ಟರು.

"ಅತ್ತಿ" ಅಂದರು ವಿಜಯಾ ವೈನಿ ಇದ್ದಕ್ಕಿದ್ದಂತೆ. "ನಿಮ್ಮ ಹೆಸರ ಮೊದಲ ಏನಿತ್ತ್ರಿ?"

ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತವರು ಅದನ್ನು ಕೇಳಿರಲಿಲ್ಲ. ಆಯಿ ನಾಚಿಕೊಂಡರು. ತೊಂಬತ್ತರ ಹೆಂಗಸು ಮದುಮಗಳ ಹಾಗೆ ತಲೆ ತಗ್ಗಿಸಿ, "ಶಾರವ್ವ" ಅಂದರು. ವೈನಿ ತಮ್ಮದು ಮಂದಾಕಿನಿ ಅಂದರು. ಮೇಡಂ ಕನ್ನಡಕ ಸರಿಮಾಡಿಕೊಂಡು, ಕ್ಲಾಸಿನಲ್ಲಿ ಹಾಜರಿ ಹೇಳಿದಂತೆ, "ನಂದು ತುಂಗಾ" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು.

"ಕಸ್ತೂರಿ" ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಅವ್ವ ಹೋದ ಮೇಲೆ ಆ ಹೆಸರು ಕರೆಯುವವರು ಯಾರೂ ಉಳಿದಿರಲಿಲ್ಲ.

ವೈನಿ ಒಳಗೆ ಹೋಗಿ ಎಲೆ ಹಾಕಿದರು. ನಾನು ಮೇಡಂ ಅವರ ವೈರು ಸುತ್ತುವುದು, ಚೀಲಕ್ಕೆ ತುಂಬುವುದು ಅಂತ ಸುಮ್ಮನೆ ಕೆಲಸ ಹಚ್ಚಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಒಳಗಿನಿಂದ ಆಯಿ ಕೂಗಿದರು:

"ಕಸ್ತೂರಿ, ಏ ಕಸ್ತೂರಿ, ಹೋಳಿಗಿ ಆರತಾವ. ಬಾ ಉಣ್ಣಾಕ."

ಬಂದೆ ಅಂತ ಓಗೊಟ್ಟು ಎದ್ದೆ.